ಓದಿನ ತೊಡಕೂ ಯಂತ್ರದ ನೆರವೂ



ತಮ್ಮ ಆಯುಷ್ಯದ ಬಹುಭಾಗವನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿಯೇ ಸವೆಸಿದ ಉಪಾಧ್ಯಾಯರೊಬ್ಬರ ಪುಣ್ಯಸ್ಮರಣೆಗಾಗಿ ಅವರ ಮಕ್ಕಳು ಏರ್ಪಡಿಸಿರುವ ಈ ದತ್ತಿಯ ಆಶ್ರಯದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತುದನ್ನು ನಾನು ದೊಡ್ಡ ಗೌರವವೆಂದು ಭಾವಿಸುತ್ತೇನೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಚಾಲಕರು ನನಗೇ ಬಿಟ್ಟುಕೊಟ್ಟಾಗ, ಅಕ್ಷರವು ಯಾರಿಗೆ ಸುಲಭವಾಗಿ ಒಲಿಯಿತೋ ಅವರ ಸಾಧನೆಗಳನ್ನು ಕೊಂಡಾಡುವುದಕ್ಕಿಂತ, ಬುದ್ಧಿ ಚುರುಕಾಗಿದ್ದೂ, ಕಣ್ಣು ಕಿವಿಗಳು ನೆಟ್ಟಗಿದ್ದೂ, ಕಲಿಸುವವರು ಆಸ್ಥೆಯಿಂದ ಕಲಿಸಿದ್ದೂ, ಅಕ್ಷರ ಮಾತ್ರ ಯಾರಿಗೆ ಒಲಿಯದೆ ಹೋಯಿತೋ ಅವರನ್ನು ಕುರಿತು ಮಾತನಾಡುವುದೇ ಈ ಸ್ಮರಣೆಗೆ ಹೆಚ್ಚು ಒಪ್ಪತಕ್ಕದ್ದೆಂದು ನನಗೆ ತೋರಿತು. ವೈದ್ಯರೂ ಮನಶ್ಶಾಸ್ತ್ರಜ್ಞರೂ ಡಿಸ್ಲೆಕ್ಸಿಯಾ ಎಂದು ಕರೆಯುವ ಈ ಓದಿನ ತೊಡಕುಳ್ಳವರಿಗೆ ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಯಂತ್ರಗಳು ಏನು ನೆರವನ್ನು ನೀಡಬಲ್ಲವು, ಆ ನೆರವು ಕನ್ನಡದಲ್ಲಿ ದೊರೆಯುವಂತಾಗಬೇಕಾದರೆ ನಾವು ಏನು ಮಾಡತಕ್ಕದ್ದು ಎಂಬ ಎರಡು ಪ್ರಶ್ನೆಗಳೇ ಇಂದಿನ ಉಪನ್ಯಾಸದ ವಸ್ತು.

1896ನೆಯ ಇಸವಿಯ ನವೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಎಂಬ ವೈದ್ಯಪತ್ರಿಕೆಯು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಬರೆದು ಕಳುಹಿಸಿದ ಒಂದು ಸಣ್ಣ ವೃತ್ತಾಂತವನ್ನು ಪ್ರಕಟಿಸಿತು. ಅದು 14 ವರ್ಷದ ಬಾಲಕನೊಬ್ಬನ ವಿಚಾರ. ಆಟದಲ್ಲಿ ಹುಡುಗ ಯಾರಿಗೂ ಕಡಿಮೆಯಾಗಿರಲಿಲ್ಲ; ಅಂಕಿಗಳನ್ನು ತಡೆಯಿಲ್ಲದೆ ಓದಿ ಲೆಕ್ಕಗಳನ್ನು ಬೇಗಬೇಗನೆ ಬಿಡಿಸುತ್ತಿದ್ದನು; ಆದರೆ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡಿದ್ದರೂ ಅಚ್ಚಾದ ಒಂದು ಸಣ್ಣ ವಾಕ್ಯವನ್ನು ಓದುವುದು ಅವನಿಂದಾಗುತ್ತಿರಲಿಲ್ಲ, ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳು ಸ್ಥಾನಪಲ್ಲಟಗೊಳ್ಳುತ್ತಿದ್ದುವು. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಚುರುಕಾದ ಹುಡುಗನಾಗಿರುತ್ತಿದ್ದನು ಎಂಬುದು ಅವನಿಗೆ ಪಾಠ ಹೇಳಿದ ಉಪಾಧ್ಯಾಯನ ಅಭಿಪ್ರಾಯವಾಗಿತ್ತೆಂದು ಮಾರ್ಗನ್ ದಾಖಲಿಸಿದ್ದಾನೆ. ಈ ವಿಷಯದಲ್ಲಿ ಅನಂತರ ಬೆಳೆದ ಶಾಸ್ತ್ರವೆಲ್ಲದರ ಬೀಜ ಆ ಉಪಾಧ್ಯಾಯನ ಮಾತಿನಲ್ಲಿದೆ. ಅರಿವು ಬೇರೆ, ಅಕ್ಷರದ ಮೂಲಕ ಅರಿವನ್ನು ಪಡೆಯುವ ಕೌಶಲ ಬೇರೆ. ಎರಡನೆಯದರಲ್ಲಿ ಕಂಡ ಕೊರತೆಯನ್ನು ಮೊದಲನೆಯದರ ಕೊರತೆಯೆಂದು ಎಣಿಸುವುದು ಅನ್ಯಾಯ ಎಂಬುದನ್ನು ಆತ ಶಾಸ್ತ್ರದ ಸಹಾಯವಿಲ್ಲದೆ, ಬರಿಯ ವಾತ್ಸಲ್ಯದ ಕಣ್ಣಿನಿಂದ ಕಂಡುಕೊಂಡಿದ್ದನು. ಆದರೆ ಪಾಠವೆಲ್ಲವನ್ನೂ ಬಾಯಿಮಾತಾಗಿ ಮಾರ್ಪಡಿಸುವ ಉಪಾಯ ಆತನ ಕೈಯಲ್ಲಿರಲಿಲ್ಲ. ಆ ಉಪಾಯ ಇಂದು ನಮ್ಮ ಕೈಯಲ್ಲಿದೆ.

ಮಾತು ಮನುಷ್ಯನಿಗೆ ಸಹಜವಾಗಿ ಬರತಕ್ಕದ್ದು. ಓದಾದರೋ ಪ್ರಯತ್ನಪೂರ್ವಕವಾಗಿ ಸಂಪಾದಿಸತಕ್ಕದ್ದು. ಆಡುವ ಮಾತಿನ ಪ್ರವಾಹವನ್ನು ಬಿಡಿಬಿಡಿಯಾದ ಧ್ವನಿಗಳಾಗಿ ಒಡೆದು, ಒಂದೊಂದು ಧ್ವನಿಯನ್ನೂ ಒಂದೊಂದು ಗುರುತಿನೊಡನೆ ಗಂಟುಹಾಕಿ, ಆ ಗಂಟು ಅಭ್ಯಾಸಬಲದಿಂದ ಅಪ್ರಯತ್ನಸಾಧ್ಯವಾಗುವವರೆಗೆ ದೃಢಪಡಿಸಿಕೊಂಡ ಮೇಲೆಯೇ ಓದು ಓದೆನಿಸುವುದು. ಡಿಸ್ಲೆಕ್ಸಿಯಾ ಉಳ್ಳವರಲ್ಲಿ ಈ ಧ್ವನಿವಿಭಾಗದ ಮತ್ತು ಗುರುತಿನ ಅನುಸಂಧಾನದ ಕಾರ್ಯವೇ ದುರ್ಬಲವಾಗಿರುತ್ತದೆ. ಇದು ಅನೇಕ ವೇಳೆ ವಂಶಾನುಗತವಾಗಿ ಬರುವುದೇ ಹೊರತು ಸೋಮಾರಿತನದಿಂದಲಾಗಲಿ ಮನೆಯವರ ಅಲಕ್ಷ್ಯದಿಂದಲಾಗಲಿ ಹುಟ್ಟುವುದಲ್ಲ. 2001ರಲ್ಲಿ ಎರಾಲ್ಡೊ ಪೌಲೇಸು ಮತ್ತು ಅವರ ಸಂಗಡಿಗರು ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಈ ಮೂರು ಭಾಷೆಗಳ ಓದುಗರನ್ನು ಪರೀಕ್ಷಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಸಂಗದಲ್ಲಿ ಸ್ಮರಣೀಯ. ಬರೆದಂತೆ ಓದುವ ಇಟಾಲಿಯನ್ನಿನಲ್ಲಿ ತೊಡಕುಳ್ಳವರ ತಪ್ಪುಗಳು ಇಂಗ್ಲಿಷಿನವರಿಗಿಂತ ಕಡಿಮೆಯಾಗಿದ್ದರೂ, ಓದುವ ಸಮಯದಲ್ಲಿ ಮಿದುಳಿನ ಎಡಭಾಗದ ಕೆಲವು ಪ್ರದೇಶಗಳು ಮಂದವಾಗಿ ವರ್ತಿಸಿದ್ದು ಮೂರು ಭಾಷೆಗಳವರಲ್ಲಿಯೂ ಒಂದೇ ತೆರನಾಗಿತ್ತು. ತೊಡಕಿನ ಮೂಲ ಒಂದು. ಅದು ತೋರಿಕೊಳ್ಳುವ ರೂಪ ಮಾತ್ರ ಲಿಪಿಲಿಪಿಗೆ ಬೇರೆ.

ಈ ಮಾತು ಕನ್ನಡಕ್ಕೆ ಹೇಗೆ ಅನ್ವಯಿಸುತ್ತದೆಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ನಮ್ಮದು ನುಡಿದಂತೆ ಬರೆಯುವ ಲಿಪಿ, ಆದಕಾರಣ ನಮ್ಮ ಮಕ್ಕಳಿಗೆ ಈ ಕಷ್ಟ ಇರಲಾರದು ಎಂಬ ಒಂದು ಭಾವನೆ ನಮ್ಮಲ್ಲಿ ಬೇರೂರಿದೆ. ನುಡಿಗೂ ಬರಹಕ್ಕೂ ಇರುವ ಸಾಮರಸ್ಯ ದೊಡ್ಡ ಅನುಕೂಲವೆಂಬುದು ನಿಜ. ಆದರೆ ಮಗು ಕಲಿಯಬೇಕಾದ ರೂಪಗಳೆಷ್ಟು! 34 ವ್ಯಂಜನಗಳಲ್ಲಿ ಒಂದೊಂದಕ್ಕೂ ಕಾಗುಣಿತದ ಬಳ್ಳಿ. ಆ ಬಳ್ಳಿಯ ಚಿಹ್ನೆಗಳಲ್ಲಿ ಕೆಲವು ತಲೆಯ ಮೇಲೆ, ಕೆಲವು ಬಲಕ್ಕೆ, ಕೆಲವು ಎರಡೂ ಕಡೆ. ಅದರ ಮೇಲೆ ಒತ್ತಕ್ಷರಗಳು, ಅವುಗಳಲ್ಲಿ ಹಲವಕ್ಕೆ ಮೂಲರೂಪದ ಹೋಲಿಕೆಯೇ ಇಲ್ಲ. ‘ಸೂರ್ಯ’ ಎಂಬ ಪದದಲ್ಲಿ ಯಕಾರಕ್ಕಿಂತ ಮೊದಲು ನುಡಿಯತಕ್ಕ ರೇಫವು ಯಕಾರವಾದ ಮೇಲೆ ಅರ್ಕಾವತ್ತಾಗಿ ಬರುತ್ತದೆ. ಕಿವಿಗೆ ಮೊದಲು ಬಂದುದು ಕಣ್ಣಿಗೆ ಕಡೆಯಲ್ಲಿ ಬರುವ ಈ ವ್ಯತ್ಯಾಸ ರೂಢಿಯಾದ ನಮಗೆ ತಿಳಿಯುವುದೇ ಇಲ್ಲ, ಧ್ವನಿಯ ಕ್ರಮವನ್ನೇ ಹಿಡಿದಿಡಲಾರದ ಮಗುವಿಗೆ ಅದೊಂದು ಏರಲಾಗದ ಮೆಟ್ಟಿಲು. ದಕಾರ ಧಕಾರಗಳಿಗೆ ಒಂದು ಸಣ್ಣ ಸೀಳಿನಷ್ಟೇ ಅಂತರ. ಪಕಾರ ಷಕಾರಗಳಿಗೆ ಹೊಟ್ಟೆಯೊಳಗಿನ ಒಂದು ಗೆರೆಯಷ್ಟೇ ಅಂತರ. ಕನ್ನಡದ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷಿನಂಥ ವರ್ಣಮಾಲೆಯ ಅಕ್ಷರಗಳನ್ನು ಮಕ್ಕಳು ಒಂದೆರಡು ವರ್ಷಗಳಲ್ಲಿ ಕಲಿತು ಮುಗಿಸಿದರೆ, ಕನ್ನಡದ ಅಕ್ಷರಸಮೂಹವನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳುವ ಕಾರ್ಯ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತಿರುತ್ತದೆಂಬುದನ್ನು ತೋರಿಸಿತು. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಬೇಕಾಗುವಲ್ಲಿ, ತೊಡಕುಳ್ಳ ಮಗು ಅಕ್ಷರದೊಡನೆ ಹೆಣಗುತ್ತಿರುವಾಗಲೇ ತರಗತಿ ಸಮಾಜಪಾಠಕ್ಕೂ ವಿಜ್ಞಾನಕ್ಕೂ ದಾಟಿಹೋಗಿರುತ್ತದೆ. ಒಂದು ಸಾಮರ್ಥ್ಯದ ಕೊರತೆ ಹೀಗೆ ಸಕಲ ವಿದ್ಯೆಗಳ ಕೊರತೆಯಾಗಿ ಹಬ್ಬುವುದೇ ಈ ತೊಡಕಿನ ನಿಜವಾದ ಕ್ರೌರ್ಯ.

ಈ ತೊಡಕನ್ನು ಗುರುತಿಸುವ ಸಾಧನಗಳು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಮಾಲೆ ಇಡೀ ದೇಶದಲ್ಲಿ ಪ್ರಮಾಣವಾಗಿ ಬಳಕೆಯಲ್ಲಿದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷೆ ಮೊದಲ ನಾಲ್ಕು ಭಾಷೆಗಳಲ್ಲಿಯೇ ಕನ್ನಡವನ್ನು ಸೇರಿಸಿಕೊಂಡಿತು. 2007ರ ‘ತಾರೇ ಜಮೀನ್ ಪರ್’ ಚಲನಚಿತ್ರ ಅನೇಕ ತಾಯಿತಂದೆಗಳಿಗೆ ತಮ್ಮ ಮಗುವಿನ ಮುಖವನ್ನೇ ತೆರೆಯ ಮೇಲೆ ತೋರಿಸಿತು. ವೈಕಲ್ಯವುಳ್ಳವರ ಹಕ್ಕುಗಳನ್ನು ಕುರಿತ 1995ರ ಕಾಯಿದೆ ಹೆಸರಿಸಿದ್ದ ಏಳು ವೈಕಲ್ಯಗಳಲ್ಲಿ ಸ್ಥಾನ ಪಡೆಯದಿದ್ದ, ಡಿಸ್ಲೆಕ್ಸಿಯಾವನ್ನೊಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ಅಧಿನಿಯಮದ 21 ವೈಕಲ್ಯಗಳಲ್ಲಿ ಸ್ಥಾನ ಪಡೆಯಿತು. ಆ ಅಧಿನಿಯಮದ 16ನೆಯ ಪ್ರಕರಣ ಮಕ್ಕಳಲ್ಲಿ ಈ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಬೇಕೆಂದು ವಿಧಿಸುತ್ತದೆ. 17ನೆಯ ಪ್ರಕರಣ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಿತರಾದ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ತಕ್ಕ ಸಹಾಯಕ ಉಪಕರಣಗಳನ್ನೂ ಉಚಿತವಾಗಿ ಒದಗಿಸಬೇಕೆನ್ನುತ್ತದೆ. ಉಪಕರಣವು ದಯೆಯ ದಾನವಲ್ಲ, ಹಕ್ಕಿನ ಪ್ರಾಪ್ತಿ ಎಂಬುದು ಹೀಗೆ ಶಾಸನದಲ್ಲಿಯೇ ಬರೆದಾಗಿದೆ.

ಈ ಉಪಕರಣಗಳ ಚರಿತ್ರೆಯಲ್ಲಿ ಒಂದು ವಿಶೇಷವುಂಟು: ಇವುಗಳಲ್ಲಿ ಮುಖ್ಯವಾದವು ದೃಷ್ಟಿಯಿಲ್ಲದವರಿಗಾಗಿ ಹುಟ್ಟಿ, ಅನಂತರ ದೃಷ್ಟಿಯಿದ್ದೂ ಓದಲಾರದವರಿಗೆ ಒದಗಿಬಂದುವು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಕಾಲೇಜು ಸೇರಬಯಸಿದಾಗ, 1948ರಲ್ಲಿ ನ್ಯೂಯಾರ್ಕಿನ ಆ್ಯನ್ ಮ್ಯಾಕ್ಡೊನಾಲ್ಡ್ ಎಂಬ ಮಹಿಳೆ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಸ್ವಯಂಸೇವಕರ ಸಂಘವನ್ನು ಕಟ್ಟಿದಳು. ಕಾಲಕ್ರಮದಲ್ಲಿ ಡಿಸ್ಲೆಕ್ಸಿಯಾ ಉಳ್ಳ ವಿದ್ಯಾರ್ಥಿಗಳು ಅಲ್ಲಿಗೆ ಎಷ್ಟು ಮಂದಿ ಬಂದು ಸೇರಿದರೆಂದರೆ ಸಂಘವು ತನ್ನ ಹೆಸರಿನಲ್ಲಿಯೇ ಅವರನ್ನು ಸೇರಿಸಿಕೊಳ್ಳಬೇಕಾಯಿತು. 1976ರಲ್ಲಿ ರೇ ಕುರ್ಜ್ವೈಲ್ ಲೋಕದ ಮುಂದಿಟ್ಟ ಯಂತ್ರ ಮುದ್ರಿತ ಪುಟವನ್ನು ತಾನೇ ನೋಡಿ, ಅಕ್ಷರಗಳನ್ನು ಗುರುತಿಸಿ, ಕೃತಕ ಕಂಠದಿಂದ ಓದಿಹೇಳಿತು. ಅಂದು ಮೇಜಿನ ಮೇಲೆ ಕುಳಿತಿದ್ದ ಆ ದುಬಾರಿ ಯಂತ್ರದ ಕೆಲಸವನ್ನು ಇಂದು ಸಾಮಾನ್ಯ ಗೃಹಸ್ಥನ ಜೇಬಿನ ಮೊಬೈಲ್ ಮಾಡುತ್ತದೆ.

ಇಂದಿನ ಉಪಕರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಬರೆದುದನ್ನು ನುಡಿಯಾಗಿಸುವುದು ಮೊದಲನೆಯ ಬಗೆ: ಪುಟದ ಚಿತ್ರದಿಂದ ಅಕ್ಷರಗಳನ್ನು ಬಿಡಿಸಿಕೊಳ್ಳುವ ತಂತ್ರಾಂಶ, ಆ ಅಕ್ಷರಗಳನ್ನು ಧ್ವನಿಯಾಗಿ ಮಾರ್ಪಡಿಸುವ ತಂತ್ರಾಂಶ, ಓದುತ್ತಿರುವ ಪದವನ್ನು ಅದೇ ಕ್ಷಣದಲ್ಲಿ ಬಣ್ಣದಿಂದ ಎತ್ತಿ ತೋರಿಸಿ ಕಣ್ಣು ಕಿವಿಗಳನ್ನು ಒಂದೇ ಪದದ ಮೇಲೆ ನಿಲ್ಲಿಸುವ ವ್ಯವಸ್ಥೆ. ನುಡಿದುದನ್ನು ಬರಹವಾಗಿಸುವುದು ಎರಡನೆಯದು: ಮನಸ್ಸಿನಲ್ಲಿ ಉತ್ತರ ಸಿದ್ಧವಾಗಿದ್ದೂ ಕೈ ಬರೆಯಲಾರದ ವಿದ್ಯಾರ್ಥಿ ಅದನ್ನು ಹೇಳುತ್ತಾನೆ, ಯಂತ್ರ ಬರೆದುಕೊಳ್ಳುತ್ತದೆ, ಮೊಬೈಲಿನಲ್ಲಿ ಕನ್ನಡವನ್ನು ಹೀಗೆ ಹೇಳಿ ಬರೆಸುವ ಸೌಲಭ್ಯವನ್ನು ಗೂಗಲ್ ಸಂಸ್ಥೆ 2017ರಲ್ಲಿ ಒದಗಿಸಿತು. ಬರೆಯುವಾಗ ಪಕ್ಕದಲ್ಲಿ ನಿಂತು ಕಾಪಾಡುವಂಥವು ಮೂರನೆಯವು: ಕಾಗುಣಿತದ ತಪ್ಪನ್ನು ತಿದ್ದುವುದು, ಮುಂದಿನ ಪದವನ್ನು ಸೂಚಿಸುವುದು, ಬರೆದುದನ್ನು ಮತ್ತೆ ಓದಿಹೇಳಿ ಬಿಟ್ಟುಹೋದ ಪದವನ್ನು ಕಿವಿಗೆ ಸಿಕ್ಕಿಸುವುದು. ಅಕ್ಷರದ ಗಾತ್ರವನ್ನು ಹಿಗ್ಗಿಸಿ, ಅಕ್ಷರಗಳ ನಡುವೆ ಎಡೆಬಿಡುವ ಸರಳ ಉಪಾಯವನ್ನೂ ಇವುಗಳೊಡನೆ ಎಣಿಸಬೇಕು. ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ಮಾರ್ಕೊ ಜೋರ್ಜಿ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಕ್ಷರಾಂತರವನ್ನು ಹೆಚ್ಚಿಸಿದ್ದರಿಂದಲೇ ಓದು ಸುಧಾರಿಸಿತು. ಇದಕ್ಕೆ ಪ್ರತಿಯಾಗಿ, ಡಿಸ್ಲೆಕ್ಸಿಯಾಕ್ಕೆಂದೇ ರಚಿಸಿದ ವಿಶೇಷ ಅಕ್ಷರವಿನ್ಯಾಸಗಳೂ ಬಣ್ಣದ ಗಾಜುಗಳೂ ಪ್ರಚಾರದಲ್ಲಿ ಎಷ್ಟು ಮುಂದೆ ಬಂದಿವೆಯೋ ಪ್ರಮಾಣದಲ್ಲಿ ಅಷ್ಟು ಹಿಂದೆ ಉಳಿದಿವೆ. ಅವುಗಳಿಗೆ ಹಣ ತೆರುವ ಮುನ್ನ ತಾಯಿತಂದೆಗಳು ಎಚ್ಚರವಹಿಸಬೇಕೆಂದು ನಾನು ಕಳಕಳಿಯಿಂದ ಬಿನ್ನವಿಸುತ್ತೇನೆ.

ಯಂತ್ರವೇ ಓದಿಹೇಳಿದರೆ ಮಗು ಓದು ಕಲಿಯುವುದೆಂತು ಎಂಬ ಆಕ್ಷೇಪವನ್ನು ಪ್ರಾಮಾಣಿಕರಾದ ಅನೇಕ ಉಪಾಧ್ಯಾಯರು ಎತ್ತುತ್ತಾರೆ. ಅದಕ್ಕೆ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು. ಓದು ಕಲಿಸುವ ಕರ್ತವ್ಯದಿಂದ ಯಾವ ಯಂತ್ರವೂ ನಮ್ಮನ್ನು ಬಿಡುಗಡೆ ಮಾಡುವುದಿಲ್ಲ. ಧ್ವನಿಯನ್ನು ಬಿಡಿಸಿ ಕೂಡಿಸುವ, ಕ್ರಮಬದ್ಧವಾದ, ಕಣ್ಣು ಕಿವಿ ಕೈಗಳನ್ನು ಒಟ್ಟಿಗೆ ತೊಡಗಿಸುವ ಬೋಧನಾಕ್ರಮವೊಂದನ್ನು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆ್ಯನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದುದು 1930ರ ದಶಕದಲ್ಲಿ. ಅಂಥ ಬೋಧನೆ ದಿನವೂ ನಡೆಯತಕ್ಕದ್ದೇ. ಆದರೆ ಅಕ್ಷರದ ಪಾಠ ಮುಗಿಯುವವರೆಗೆ ಚರಿತ್ರೆಯ ಪಾಠ ಕಾಯಬೇಕೆನ್ನುವ ನ್ಯಾಯ ಯಾವುದು? ಅಕ್ಷರದ ಪಾಠದಲ್ಲಿ ಅಕ್ಷರವೇ ಗುರಿ; ಅಲ್ಲಿ ಯಂತ್ರ ಹಿಂದೆ ನಿಲ್ಲಲಿ. ಚರಿತ್ರೆಯ ಪಾಠದಲ್ಲಿ ಚರಿತ್ರೆ ಗುರಿ. ಅಲ್ಲಿ ಯಂತ್ರ ಮುಂದೆ ಬರಲಿ. ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ಉಪಕರಣಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿಮರ್ಶೆ, ಇವುಗಳಿಂದ ಓದಿನ ತೊಡಕುಳ್ಳವರ ಅರ್ಥಗ್ರಹಣ ಸುಧಾರಿಸುತ್ತದೆಂದು ತೀರ್ಮಾನಿಸಿತು. ಆ ಸುಧಾರಣೆ ಅದ್ಭುತವೇನಲ್ಲ. ಆದರೆ ಅಲ್ಲಗಳೆಯುವಂತಹುದೂ ಅಲ್ಲ.

ಕೇಳಿ ತಿಳಿದುದು ಓದಿ ತಿಳಿದುದಕ್ಕಿಂತ ಕೀಳೆಂಬ ಭಾವನೆಯಂತೂ ಕನ್ನಡಿಗರ ಬಾಯಲ್ಲಿ ಬರಬಾರದ ಮಾತು. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ನಮ್ಮ ಹಳ್ಳಿಗಳು ಶತಮಾನಗಳ ಕಾಲ ಕಣ್ಣಿನಿಂದ ಓದಿದುವೇ? ಗಮಕಿ ವಾಚಿಸಿದನು, ವ್ಯಾಖ್ಯಾನಕಾರ ಬಿಡಿಸಿ ಹೇಳಿದನು, ಗುಡಿಯ ಜಗುಲಿಯಲ್ಲಿ ಕುಳಿತ ಒಕ್ಕಲಿಗನೂ ಕುಂಬಾರನೂ ಗೃಹಿಣಿಯೂ ಕರ್ಣನ ಸಂಕಟವನ್ನು ತಮ್ಮದಾಗಿಸಿಕೊಂಡರು. ಆ ಶ್ರೋತೃಗಳ ರಸಜ್ಞತೆಯನ್ನು ಅವರು ಪದಚ್ಛೇದ ಮಾಡಿ ಓದಬಲ್ಲರೇ ಎಂಬ ಪರೀಕ್ಷೆಯಿಂದ ಅಳೆಯಲು ಯಾರೂ ಹೋಗಲಿಲ್ಲ. ಓದುವವರೂ ಕೇಳುವವರೂ ಕೂಡಿ ಒಂದು ಕಾವ್ಯವನ್ನು ಬಾಳಿಸುವ ಆ ಪದ್ಧತಿಯಲ್ಲಿ ಕೇಳುಗನ ಸ್ಥಾನ ಎಂದೂ ಕೆಳಗಿನದಾಗಿರಲಿಲ್ಲ.

ಪರೀಕ್ಷೆಯ ವಿಚಾರದಲ್ಲಿಯೂ ಇದೇ ವಿವೇಕ ಬೇಕು. ಕೇಂದ್ರ ಸರಕಾರ 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಶೇಕಡ 40ರ ಪ್ರಮಾಣವುಳ್ಳವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಕಾಲವನ್ನೂ, ಲಿಪಿಕಾರನ ನೆರವನ್ನೂ, ಕಂಪ್ಯೂಟರಿನಲ್ಲಿ ಅಥವಾ ಧ್ವನಿಮುದ್ರಣದ ಮೂಲಕ ಉತ್ತರಿಸುವ ಆಯ್ಕೆಯನ್ನೂ ಒಪ್ಪಿತು. ಬರವಣಿಗೆಯ ತೊಡಕುಳ್ಳ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಇನ್ನೂ ಮುಂದೆ ಹೋಗಿ, ಲಿಪಿಕಾರನ ನೆರವು ಆ ಪ್ರಮಾಣವನ್ನು ಮುಟ್ಟಿದವರಿಗೆ ಮಾತ್ರ ಮೀಸಲಲ್ಲವೆಂದು ತೀರ್ಪಿತ್ತಿತು. ವಿಜ್ಞಾನದ ಪರೀಕ್ಷೆ ವಿಜ್ಞಾನವನ್ನು ಅಳೆಯಬೇಕು. ಕೈಬರಹದ ವೇಗವನ್ನು ಅಳೆದು ಅದಕ್ಕೆ ವಿಜ್ಞಾನದ ಅಂಕವೆಂದು ಹೆಸರಿಡುವುದು ಅಳತೆಯ ದೋಷ. ಆ ದೋಷವನ್ನು ಸರಿಪಡಿಸುವುದೇ ಹೆಚ್ಚುವರಿ ಕಾಲದ ಉದ್ದೇಶ. ಅದರಲ್ಲಿ ಯಾರಿಗೂ ಪಕ್ಷಪಾತವಿಲ್ಲ.

ಶಾಲೆಯನ್ನು ಹೇಗೋ ದಾಟಿದವನು ಕಚೇರಿಯನ್ನು ಸೇರಿದ ಮೇಲೆ ತೊಡಕು ಮಾಯವಾಗುವುದಿಲ್ಲ. ಸುತ್ತೋಲೆ, ಕಡತದ ಟಿಪ್ಪಣಿ, ಮಿಂಚಂಚೆ, ಸಭೆಯ ನಡವಳಿ, ಯಂತ್ರದ ಮೇಲೆ ಅಂಟಿಸಿದ ಸೂಚನೆ ಇವೆಲ್ಲವೂ ಅಕ್ಷರಗಳೇ. ತನ್ನ ಕಷ್ಟವನ್ನು ಹೇಳಿಕೊಂಡರೆ ದಡ್ಡನೆಂದಾರೆಂಬ ಅಂಜಿಕೆಯಿಂದ ಮನೆಗೆ ಕಡತ ಹೊತ್ತೊಯ್ದು ರಾತ್ರಿಯೆಲ್ಲ ಓದುವ ಗುಮಾಸ್ತ, ಬಡ್ತಿಯ ಪರೀಕ್ಷೆ ಬಂದಾಗಲೆಲ್ಲ ಯಾವುದೋ ನೆಪ ಹೂಡುವ ಕುಶಲ ಕೆಲಸಗಾರ, ಇಂಥವರು ನಮ್ಮ ನಡುವೆಯೇ ಇದ್ದಾರೆ. 2018ರಲ್ಲಿ ಗೊತ್ತುಮಾಡಿದ ಪ್ರಮಾಣಪತ್ರದ ವಿಧಿಯು 8 ವರ್ಷ ತುಂಬಿದ ಮಗುವಿನಿಂದ ಆರಂಭವಾಗಿ, 14ರಲ್ಲಿಯೂ 18ರಲ್ಲಿಯೂ ಮರುಪರೀಕ್ಷೆ ಮಾಡುವಂತೆ ಏರ್ಪಟ್ಟುದರಿಂದ, ಈ ಏರ್ಪಾಟಿಗೆ ಮುಂಚೆಯೇ ಶಾಲೆ ಬಿಟ್ಟ ತಲೆಮಾರುಗಳ ಕೈಯಲ್ಲಿ ಕಾಗದವೇ ಇಲ್ಲ. ಇವರಿಗೆ ಬೇಕಾದ ನೆರವಾದರೂ ಹೆಚ್ಚಿನದೇನು? ಓದಿಹೇಳುವ ತಂತ್ರಾಂಶ, ಹೇಳಿ ಬರೆಸುವ ಅನುಮತಿ, ಸಭೆಯ ಮಾತನ್ನು ಮುದ್ರಿಸಿಕೊಳ್ಳುವ ಅವಕಾಶ, ಬಾಯಿಮಾತಿನಲ್ಲಿಯೂ ಕೊಡುವ ಆದೇಶ, ಕಿವಿಗೆ ಹಾಕಿಕೊಂಡು ಕೇಳಲು ಒಂದು ಸಣ್ಣ ಸಾಧನ. ಬ್ರಿಟನ್ನಿನಲ್ಲಿ 1994ರಿಂದ ಸರಕಾರವೇ ‘ಆ್ಯಕ್ಸೆಸ್ ಟು ವರ್ಕ್’ ಯೋಜನೆಯಿಂದ ಇಂಥ ವೆಚ್ಚವನ್ನು ಭರಿಸಿಕೊಡುತ್ತಿದೆ. ನಮ್ಮ 2016ರ ಅಧಿನಿಯಮದ 20ನೆಯ ಪ್ರಕರಣವೂ ಸರಕಾರಿ ಕಚೇರಿಗಳು ತಮ್ಮ ನೌಕರರಿಗೆ ಯುಕ್ತವಾದ ಅನುಕೂಲ ಕಲ್ಪಿಸಬೇಕೆಂದು ಹೇಳಿದೆ. ಆ ಮಾತು ಗ್ರಂಥಸ್ಥವಾಗಿಯೇ ಉಳಿಯದಂತೆ ನೋಡಿಕೊಳ್ಳುವುದು ಮೇಲಧಿಕಾರಿಗಳ ಹೊಣೆ.

ಇನ್ನು ಕನ್ನಡದ ಹೊಣೆ. ಯಂತ್ರ ಎಷ್ಟೇ ನಿಪುಣವಾಗಿದ್ದರೂ ಅದಕ್ಕೆ ಓದಬರುವ ರೂಪದಲ್ಲಿ ಪಠ್ಯವಿಲ್ಲದಿದ್ದರೆ ಅದು ಮೂಕ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು 1991ರಲ್ಲಿಯೇ. ಆದರೆ ಇಂದಿಗೂ ನಮ್ಮ ಪುಸ್ತಕಗಳಲ್ಲಿ ಹಲವು ಡಿಟಿಪಿಯ ಹಳೆಯ ಫಾಂಟುಗಳಲ್ಲಿ ಅಚ್ಚಾಗುತ್ತವೆ. ಕಣ್ಣಿಗೆ ಅವು ಕನ್ನಡ. ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಸರಕಾರಿ ಆದೇಶಗಳನ್ನೂ ಹಳೆಯ ಗ್ರಂಥಗಳನ್ನೂ ಬರಿಯ ಚಿತ್ರಗಳಾಗಿ ಅಂತರಜಾಲಕ್ಕೆ ಏರಿಸಿದರೂ ಇದೇ ಗತಿ. ಕನ್ನಡದ ಧ್ವನಿಮೂಲವಾದ ಕೀಲಿಮಣೆಯನ್ನು ಕೆ. ಪಿ. ರಾವ್ ಅವರು ರೂಪಿಸಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಬಳಗ ‘ಲಿಪಿ ಜ್ಞಾನಿ’ ಎಂಬ, ಅಕ್ಷರಗಳನ್ನು ಗುರುತಿಸುವ ತಂತ್ರಾಂಶವನ್ನೂ ಕನ್ನಡ ನುಡಿಯುವ ಯಂತ್ರಕಂಠವನ್ನೂ ನಿರ್ಮಿಸಿತು. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಉಳಿದುದು ಬರೆಯುವವರದೂ ಅಚ್ಚುಹಾಕುವವರದೂ. ಗ್ರಂಥಸ್ವಾಮ್ಯವೂ ಅಡ್ಡಿಯಲ್ಲ. 2012ರ ತಿದ್ದುಪಡಿಯಿಂದ ನಮ್ಮ ಕಾಯಿದೆ ಇಂಥ ಓದುಗರಿಗಾಗಿ ಪುಸ್ತಕದ ರೂಪಾಂತರಕ್ಕೆ ದಾರಿಬಿಟ್ಟಿದೆ. 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊತ್ತಮೊದಲು ಅನುಮೋದಿಸಿದ ದೇಶ ಭಾರತ. ಆ ಒಪ್ಪಂದ ದೃಷ್ಟಿಹೀನರೊಡನೆ ಓದಿನ ನ್ಯೂನತೆಯುಳ್ಳವರನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರಜಾಲ ಗ್ರಂಥಭಂಡಾರ ಅಂಥ ಪುಸ್ತಕಗಳನ್ನು ಓದುಗರಿಗೆ ತಲುಪಿಸುವುದಕ್ಕಾಗಿಯೇ ಏರ್ಪಟ್ಟಿದೆ. ಅದರಲ್ಲಿ ಕನ್ನಡದ ಕಪಾಟು ತುಂಬುವುದು ನಮ್ಮಿಂದ.

ಆದಕಾರಣ ಈ ಸಭೆಯಲ್ಲಿರುವವರನ್ನು ನಾನು ಬೇಡುವುದು ಇಷ್ಟು. ಗ್ರಂಥಕರ್ತರು ತಮ್ಮ ಹಸ್ತಪ್ರತಿಯನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸಲಿ. ಪ್ರಕಾಶಕರು ಮುದ್ರಿತ ಪ್ರತಿಯೊಡನೆ ಯಂತ್ರ ಓದಬಲ್ಲ ಪ್ರತಿಯನ್ನೂ ಕಾಪಿಟ್ಟು ಕೇಳಿದವರಿಗೆ ಒದಗಿಸಲಿ. ಉಪಾಧ್ಯಾಯರು ಒಂದು ಮಗು ಓದಲಾರದಾದಾಗ ಬೆತ್ತವನ್ನೂ ಬೈಗುಳವನ್ನೂ ಬದಿಗಿಟ್ಟು, ಅದೇ ಪಾಠವನ್ನು ಕೇಳಿಸಿ ಪ್ರಶ್ನೆ ಹಾಕಿ ನೋಡಲಿ. ಕಚೇರಿಯ ಹಿರಿಯರು ತಮ್ಮ ಕೈಕೆಳಗಿನವನ ಕಾಗುಣಿತದಿಂದಲ್ಲದೆ ಕಾರ್ಯದಿಂದ ಅವನ ಯೋಗ್ಯತೆಯನ್ನು ನಿರ್ಣಯಿಸಲಿ. ಈ ಉಪನ್ಯಾಸದ ಮುದ್ರಿತ ಪುಸ್ತಿಕೆಯ ಜೊತೆಗೆ ಇದರ ಯೂನಿಕೋಡ್ ಪ್ರತಿಯನ್ನೂ ಧ್ವನಿಮುದ್ರಿಕೆಯನ್ನೂ ಪ್ರಕಟಿಸಬೇಕೆಂದು, ಇನ್ನು ಮುಂದೆ ಈ ಮಾಲೆಯಲ್ಲಿ ಬರುವ ಪ್ರತಿಯೊಂದು ಉಪನ್ಯಾಸಕ್ಕೂ ಇದೇ ನಿಯಮವಾಗಬೇಕೆಂದು, ನಾನು ದತ್ತಿಯ ನಿರ್ವಾಹಕರನ್ನು ಪ್ರಾರ್ಥಿಸಿದೆನು. ಅವರು ಸಂತೋಷದಿಂದ ಒಡಂಬಟ್ಟಿದ್ದಾರೆ. ಅಕ್ಷರ ಕಲಿಸಿದ ಉಪಾಧ್ಯಾಯರ ಹೆಸರಿನ ದತ್ತಿಯು ಅಕ್ಷರ ಒಲಿಯದವರಿಗೂ ಸಲ್ಲುವಂತಾದುದು ಯುಕ್ತವಾಗಿದೆ.